ಅತಿಥಿಯ ಮಾತು

ಅವಳು ಕೆಲಸ ಮುಗಿಸಿ ಮೂರನೆಯ ಮಹಡಿ ಹತ್ತಿ ಬಂದಾಗ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಗುರುತಿಲ್ಲದ ಹೆಂಗಸೊಬ್ಬಳು ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಅಳತೆ ಟೇಪು ಹಿಡಿದಿದ್ದಳು. ಆ ಹೆಂಗಸಿನ ಗಂಡನಿರಬೇಕು, ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಅಳತೆ ಬರೆದುಕೊಳ್ಳುತ್ತಿದ್ದ. ಆ ಸ್ಟೂಲಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ. ಅದು ವಾಲದ ಹಾಗೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದವರು ಭಾವ, ತೀರಿಕೊಂಡ ಗಂಡನ ಅಣ್ಣ.

"ಬಂದ್ಯಾ? ಬಾ ಒಳಗೆ," ಎಂದರು ಕೂತಲ್ಲಿಂದಲೇ. "ಮನೆ ನೋಡೋಕೆ ಬಂದಿದಾರೆ. ಪಾಪ, ಮರ್ಯಾದಸ್ಥರು. ಬಂದ ಕೂಡ್ಲೆ ಶೂ ಬಿಚ್ಚಿಟ್ರು."

ಅವಳು ಶೂ ಬಿಚ್ಚಲಿಲ್ಲ. ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು, ನಿಲ್ಲಿಸಿದ ಸದ್ದು ಕೇಳಿತು. "ನೋಡಿ, ನಲ್ಲಿ ಒಂದು ತೊಟ್ಟೂ ಸೋರೋದಿಲ್ಲ," ಎನ್ನುತ್ತ ಹೊರಬಂದವನು ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುವ ಏಜೆಂಟು. ಇಡೀ ಬೀದಿಯ ಬೀಗದ ಕೈಗಳನ್ನು ಸೊಂಟಕ್ಕೆ ತೂಗುಹಾಕಿಕೊಂಡು ಓಡಾಡುವ ಅವನಿಗೆ ಹಿಂದೆ ಅವಳೂ ಗಂಡನೂ ಸೇರಿ ಇಟ್ಟಿದ್ದ ಹೆಸರು ಗೊಂಚಲು. ಆ ನಲ್ಲಿ ಇಡೀ ಚಳಿಗಾಲ ಸೋರಿತ್ತು. ನಾಳೆ ಬರ್ತೀನಿ, ನಾಳೆ ಬರ್ತೀನಿ ಎಂದು ಅವನು ಸಾಗಹಾಕಿದ ಮೇಲೆ ಅವಳೇ ಸ್ಪಾನರು ಎರವಲು ತಂದು ವಾಷರು ಬದಲಾಯಿಸಿದ್ದಳು.

"ಇಳೀರಿ," ಎಂದಳು ಸ್ಟೂಲಿನ ಮೇಲಿದ್ದವಳಿಗೆ. ಕನ್ನಡದಲ್ಲಿ ಅಂದೆನೆಂದು ಆಮೇಲೆ ಹೊಳೆದು, ಆ ಊರಿನ ಭಾಷೆಯಲ್ಲಿ ಮತ್ತೆ ಹೇಳಿದಳು: "ದಯವಿಟ್ಟು ಇಳೀರಿ. ಈ ಮನೆ ಖಾಲಿ ಇಲ್ಲ."

ಹೆಂಗಸಿನ ಮುಖ ಸಣ್ಣಗಾಯಿತು. ಇಳಿದು, ಟೇಪನ್ನು ಸರ್ರನೆ ಸುರುಳಿ ಸುತ್ತಿಕೊಂಡಳು. ಗೊಂಚಲು ಮಾತ್ರ ನಗುತ್ತಲೇ ಇದ್ದ. "ತಿಂಗಳ ಕೊನೆಗೆ ಖಾಲಿ ಅಂತ ನಿಮ್ಮ ಹಿರಿಯರೇ ಹೇಳಿದಾರಲ್ಲ. ಬೀಗದ ಕೈನೂ ಕೊಟ್ಟಿದಾರೆ." ಸೊಂಟದ ಗೊಂಚಲಿನಿಂದ ಒಂದನ್ನು ಬೇರ್ಪಡಿಸಿ ಎತ್ತಿ ತೋರಿಸಿದ.

ಅದರ ತಲೆಗೆ ಹಸಿರು ದಾರ ಸುತ್ತಿತ್ತು. ಆಫೀಸಿನ ಬೀಗದ ಕೈಗೂ ಇದಕ್ಕೂ ಅದಲುಬದಲಾಗದಿರಲಿ ಎಂದು ಅವಳ ಗಂಡ ಸುತ್ತಿದ್ದ ದಾರ. ಭಾವ ಊರಿನಿಂದ ಬಂದಾಗ, ಓಡಾಡಲು ಅನುಕೂಲವಾಗಲಿ ಎಂದು ಅವಳೇ ಅದನ್ನು ಅವರ ಕೈಗೆ ಕೊಟ್ಟಿದ್ದಳು.

ಎದೆಯೊಳಗೆ ಏನೋ ಚುರ್ ಎಂದಿತು. ಗಂಡ ಸತ್ತ ದಿನದಿಂದ ಮರಗಟ್ಟಿ ಹೋಗಿದ್ದ ಜಾಗ ಅದು. ಸಿಟ್ಟು ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಂದವರು ಹೋದರು. ಗೊಂಚಲು ಸದ್ದು ಮಾಡುತ್ತ ಮೆಟ್ಟಿಲಿಳಿದ. ಭಾವ ಸ್ಟೂಲನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕೈ ಒರೆಸಿಕೊಂಡರು.

"ಅವನಿಗೆ ಕೀ ಕೊಟ್ಟಿದ್ದು ನೀವಾ ಭಾವ?"

"ಹೂಂ, ನಾನೇ. ಮೊನ್ನೆ ನೀನು ಕೆಲಸಕ್ಕೆ ಹೋಗಿದ್ದಾಗ ಬಂದಿದ್ದ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಗಿರಣೀಲಿ ಬೀಸಿದ್ದು, ಚೆನ್ನಾಗಿ ಹೊಂದಿಕೊಳ್ತು. ಬಿಡ್ತೀವಪ್ಪ ಅಂದೆ. ಕೀ ಕೇಳಿದ, ಕೊಟ್ಟೆ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳೋದೇನಮ್ಮ ಇದರಲ್ಲಿ? ಎಲ್ಲಾ ಸೇರಿ ಮಾತಾಡಿ ಆಗಿದೆಯಲ್ಲ."

"ಎಲ್ಲಾ ಅಂದ್ರೆ ಯಾರ್ಯಾರು?"

"ಎಲ್ಲಾ ಅಂದ್ರೆ... ನಾನು, ಅಮ್ಮ, ನಿಮ್ಮಪ್ಪ, ನಿಮ್ಮಣ್ಣ."

"ನಾನು?"

"ನೀನು ಇಲ್ಲಿದ್ದೆಯಲ್ಲ," ಎಂದರು ಭಾವ. ಅದರಲ್ಲಿ ಏನು ತಪ್ಪಿದೆಯೆಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ.

ಕೆಟ್ಟ ಮನುಷ್ಯರಾಗಿದ್ದರೆ ಸುಲಭವಾಗುತ್ತಿತ್ತು. ಭಾವ ಬಸ್ಸು ಡಿಪೋದಲ್ಲಿ ಕಂಡಕ್ಟರಾಗಿ ಸೇರಿ ಕಂಟ್ರೋಲರಾಗಿ ನಿವೃತ್ತರಾದವರು. ಯಾರೇ ಎಲ್ಲಿ ಹತ್ತಿದರೂ ಕೆಳಗೆ ನಿಂತು ಹಿಡಿದುಕೊಳ್ಳುವ, ಓಡಿಬರುತ್ತಿರುವ ಒಬ್ಬ ಮುದುಕಿಗಾಗಿ ತುಂಬಿದ ಬಸ್ಸನ್ನು ತಡೆದು ನಿಲ್ಲಿಸುವ ಜಾತಿ. ಅವರ ತಮ್ಮ ಈ ಊರಿನಲ್ಲಿ ರಸ್ತೆ ದಾಟುತ್ತ ಸತ್ತ. ತಮ್ಮನ ಹೆಂಡತಿ ಇಲ್ಲೇ ಉಳಿದುಬಿಟ್ಟಿದ್ದಾಳೆ. ಅವಳನ್ನು ಹತ್ತಿಸಿಕೊಳ್ಳದೆ ಹೊರಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ವಾಪಸು ಹೋಗಲು ಇಬ್ಬರಿಗೂ ಟಿಕೆಟ್ಟು ಮಾಡಿಸಿಕೊಂಡೇ ಬಂದಿದ್ದರು. ಅವಳು ಬರುವುದಿಲ್ಲ ಎಂದಳು. ದುಃಖದಲ್ಲಿ ಹಾಗನ್ನುವುದು ಸಹಜ ಎಂದು ಅವರು ತಲೆಯಾಡಿಸಿದರು. ಮಾರನೆಯ ದಿನ ಮತ್ತೆ ಅಂದಳು. ಮತ್ತೆ ತಲೆಯಾಡಿಸಿದರು. ಜಗಳವಾಡುವವರ ಜತೆ ಜಗಳವಾಡಬಹುದು. ತಲೆಯಾಡಿಸುವವರ ಜತೆ ಏನು ಮಾಡುವುದು?

"ಶೂ ಹಾಕ್ಕೊಳ್ಳಿ," ಎಂದಳು.

"ಎಲ್ಲಿಗಮ್ಮ?"

"ಲೈಬ್ರರಿಗೆ."

"ಈಗಾ? ಪುಸ್ತಕ ಓದೋಕಾ?"

"ಅಲ್ಲ. ನಿಮ್ಮ ಮಾತು ಈ ಊರಲ್ಲಿ ನಡಿಯುತ್ತೋ ಇಲ್ವೋ ಕೇಳ್ಕೊಂಡು ಬರೋಣ."

ಬಸ್ಸಿನಲ್ಲಿ ಭಾವ ಕಿಟಕಿಯಾಚೆ ನೋಡಲಿಲ್ಲ. ಹತ್ತುವವರನ್ನೇ ನೋಡಿದರು. ಒಬ್ಬೊಬ್ಬರೂ ಕಾರ್ಡನ್ನು ಯಂತ್ರಕ್ಕೆ ಒತ್ತಿ ಒಳಗೆ ಹೋಗುತ್ತಿದ್ದರು.

"ಕಂಡಕ್ಟರೇ ಇಲ್ವಲ್ಲ! ಒತ್ತದೆ ಹೋದ್ರೆ?"

"ಒತ್ತುತ್ತಾರೆ ಭಾವ."

"ಎಲ್ಲರೂ? ಅವರಷ್ಟಕ್ಕೆ ಅವರೇ?" ಅವರು ಇನ್ನೆರಡು ನಿಲ್ದಾಣ ಕಾದು ನೋಡಿದರು. "ಹಂಗಾದ್ರೆ ನಾನು ಇಲ್ಲಿ ಹುಟ್ಟಿದ್ರೆ ಹೊಟ್ಟೆಗೆ ಏನು ಮಾಡ್ತಿದ್ದೆ?"

ಅವಳಿಗೆ ನಗು ಬರುವುದರಲ್ಲಿತ್ತು. ಸಿಟ್ಟು ಇಳಿದುಹೋದೀತೆಂದು ಹೆದರಿ ಕಿಟಕಿಯ ಕಡೆಗೆ ತಿರುಗಿಕೊಂಡಳು.

ಗಂಡ ಸತ್ತ ವಾರ ಆ ಊರಿನಲ್ಲಿದ್ದ ಅವರ ಕಡೆಯ ಜನ ಸಂಘ ಕಟ್ಟಿಕೊಂಡ ಹಾಗೆ ಬಂದಿದ್ದರು. ದೇಹವನ್ನು ಊರಿಗೆ ಕಳಿಸಲು ಯಾವ ಕಚೇರಿ, ಯಾವ ವಿಮಾನ, ಎಷ್ಟು ಸಹಿ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಬೇಳೆ ಎಲ್ಲಿ ಅಗ್ಗ ಎಂಬುದೂ ಗೊತ್ತಿತ್ತು. ಆದರೆ ಒಬ್ಬಳೇ ಹೆಂಗಸು ಇಲ್ಲಿ ಉಳಿಯುವುದು ಹೇಗೆ ಎಂದು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾಕೆ ಉಳೀಬೇಕು?" ಎಂದು ಒಬ್ಬರು ಕೇಳಿದರು. ಅಂಥ ಪ್ರಶ್ನೆ ಅವರ ಬಳಿ ಯಾರೂ ತಂದಿರಲಿಲ್ಲ.

ಹಾಗಾಗಿ, ಭಾವ ಬರುವುದಕ್ಕೆ ಮೊದಲಿನ ತಿಂಗಳುಗಳಲ್ಲಿ, ಅವಳೇ ದಾರಿ ಹುಡುಕಿಕೊಂಡಳು. ಗ್ರಂಥಾಲಯಕ್ಕೆ ಮೊದಲ ಸಲ ಹೋದದ್ದು ಶೌಚಾಲಯಕ್ಕಾಗಿ. ಒಳಗೆ ಬೆಚ್ಚಗಿತ್ತು, ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ; ಮಾರನೆಯ ದಿನವೂ ಹೋದಳು. ನೆಲಮಾಳಿಗೆಯ ಒಂದು ಕೋಣೆಯಲ್ಲಿ ಊರಿಗೆ ಹೊಸಬರು ಕೂತು ಆ ಊರಿನ ಭಾಷೆಯಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಅವಳೂ ಕೂತಳು. ಹೇಗಿದ್ದೀರಿ ಎಂದು ಸುತ್ತಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದರು, ಚೆನ್ನಾಗಿದ್ದೇನೆ ಎಂದು ಎಲ್ಲರೂ ಹೇಳಬೇಕು. ಹೇಳುವುದನ್ನು ಕಲಿತಳು. ಅಲ್ಲಿ ಪಕ್ಕ ಕೂತಿದ್ದ ಅಜ್ಜಿ ಆಸ್ಪತ್ರೆ ತೋರಿಸಿದಳು. ಅಲ್ಲಿ ಡಾಕ್ಟರು ಫೋನಿನಲ್ಲಿ ಕನ್ನಡ ಬಲ್ಲವರನ್ನು ಹಿಡಿದು ಕೊಡುತ್ತಿದ್ದರು. ಎಲ್ಲೋ ಕೂತ ಒಂದು ಗಂಡುದನಿ ಅವಳ ಮುಟ್ಟಿನ ತೊಂದರೆಯನ್ನು ಗಂಭೀರವಾಗಿ ಅನುವಾದ ಮಾಡಿತ್ತು. ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯ ಗೋಡೆಯ ಮೇಲೆ ಕೆಲಸದ ಚೀಟಿ ಕಂಡಳು. ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯುವವರು ಬೇಕಾಗಿದ್ದರು. ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವಳು ಬ್ರಷ್ಷು ಹಿಡಿದು ತೊಳೆಯತೊಡಗಿದಳು. ಆಮ್ಲದಲ್ಲಿ ಒಮ್ಮೆ, ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ, ಆಮೇಲೆ ಬೋರಲು ಹಾಕಿ ಒಣಗಿಸುವುದು. ಮುಂದಿನ ತಿಂಗಳಿಂದ ಪರೀಕ್ಷೆಯ ಮೇಜಿಗೇ ಹಾಕಿಕೊಳ್ಳುವುದಾಗಿ ವಿಭಾಗದ ಮುಖ್ಯಸ್ಥೆ ಹೇಳಿದ್ದಳು.

ಇದೆಲ್ಲವೂ ನಿಂತಿದ್ದು ಆ ಒಂದು ಕೋಣೆಯ ಮನೆಯ ಮೇಲೆ. ಈ ಊರಿನಲ್ಲಿ ವಿಳಾಸವಿದ್ದರೆ ಗ್ರಂಥಾಲಯದ ಕಾರ್ಡು, ಆಸ್ಪತ್ರೆ, ಕೆಲಸದ ಪರವಾನಗಿ. ವಿಳಾಸ ಹೋಯಿತೋ, ಒಂದರ ಹಿಂದೊಂದು ಹೋಗುತ್ತವೆ. ಒಂಟಿ ಹೆಂಗಸಿಗೆ, ಹೊರದೇಶದವಳಿಗೆ ಇನ್ನೊಂದು ಮನೆ ಯಾರು ಕೊಡುತ್ತಾರೆ? ಗೊಂಚಲಿಗೆ ಅದು ಗೊತ್ತಿತ್ತು. ಭಾವನಿಗೆ ಗೊತ್ತಿರಲಿಲ್ಲ.

ಗ್ರಂಥಾಲಯದ ಮೊದಲ ಮಹಡಿಯಲ್ಲಿ, ದಿನಪತ್ರಿಕೆಗಳ ಹಿಂದೆ, ಬಾಡಿಗೆದಾರರಿಗೆ ಸಲಹೆ ಕೊಡುವ ಮೇಜಿತ್ತು. ಅಲ್ಲಿ ಕೂರುವಾಕೆ ದಪ್ಪ ಹೆಂಗಸು, ಸದಾ ಪೆಪ್ಪರಮಿಂಟು ಚೀಪುತ್ತಿರುತ್ತಿದ್ದಳು. ಗಂಡನ ಹೆಸರಿನಲ್ಲಿದ್ದ ಮನೆಯನ್ನು ಅವಳ ಹೆಸರಿಗೆ ಮಾಡಿಸಿಕೊಳ್ಳುವ ದಾರಿ ತೋರಿಸಿದ್ದವಳೂ ಆಕೆಯೇ. ನಡೆದದ್ದನ್ನೆಲ್ಲ ಕೇಳಿ, ಪೆಪ್ಪರಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ಮನೆ ಬಿಡ್ತೀನಿ ಅಂತ ನೀನು ಹೇಳಿದ್ಯಾ?"

"ಇಲ್ಲ."

"ಬರೆದು ಕೊಟ್ಯಾ?"

"ಇಲ್ಲ. ಇವರು ಬಾಯಲ್ಲಿ ಹೇಳಿದಾರೆ."

ಆಕೆ ಮೊದಲ ಸಲ ಭಾವನ ಕಡೆ ನೋಡಿದಳು. ಭಾವ ಕೈಮುಗಿದರು.

"ಇವರು ಯಾರು?"

"ನನ್ನ ಗಂಡನ ಅಣ್ಣ."

"ಅದು ಸಂಬಂಧ. ನಾನು ಕೇಳಿದ್ದು, ಆ ಮನೇಲಿ ಇವರು ಯಾರು? ಬಾಡಿಗೆದಾರರಾ?"

ಅವಳು ಯೋಚಿಸಿದಳು. ಅದಕ್ಕೆ ಆ ಭಾಷೆಯಲ್ಲಿ ಅವಳಿಗೆ ಗೊತ್ತಿದ್ದುದು ಒಂದೇ ಪದ. "ಅತಿಥಿ."

"ಮುಗೀತು ಹಾಗಾದ್ರೆ. ಅತಿಥಿ ಮಾತು ಮಾತಲ್ಲ. ನಾಳೆ ನನ್ನ ಮನೆಗೆ ಯಾರೋ ಊಟಕ್ಕೆ ಬಂದು ನನ್ನ ಮನೆ ಮಾರ್ತೀನಿ ಅಂದ್ರೆ ಆಗುತ್ತಾ?" ಆಕೆ ತನ್ನ ಮಾತಿಗೆ ತಾನೇ ನಕ್ಕಳು. "ಏಜೆಂಟಿಗೆ ಒಂದು ಸಾಲು ಬರೆದು ಕಳಿಸು, ಈಗಲೇ. ನಾನು ಬಿಡ್ತಿಲ್ಲ ಅಂತ."

"ಏನಂತೆ?" ಎಂದು ಭಾವ ಕೇಳಿದರು. "ಏನೋ ನಗ್ತಿದಾರೆ."

ಮೆದು ಮಾಡಿ ಹೇಳಬಹುದಿತ್ತು. ಕಾನೂನು ಬೇರೆ ಥರ ಇದೆಯಂತೆ ಎನ್ನಬಹುದಿತ್ತು. ಅವಳು ಹೇಳಿದಳು: "ಆ ಮನೇಲಿ ನೀವು ಅತಿಥಿಯಂತೆ ಭಾವ. ನಿಮ್ಮ ಮಾತು ಮಾತಲ್ಲವಂತೆ."

ಭಾವನ ಕೈ ಇನ್ನೂ ಅರ್ಧ ಮುಗಿದ ಹಾಗೇ ಇತ್ತು. ನಿಧಾನಕ್ಕೆ ಇಳಿಸಿದರು.

"ಅವನ ಹತ್ರ ಇರೋ ಕೀ?" ಎಂದು ಅವಳು ಮೇಜಿನಾಕೆಯನ್ನು ಕೇಳಿದಳು.

"ನಿನ್ನ ಕೇಳದೆ ಒಳಗೆ ಬಂದವನ ಹತ್ರ ಕೀ ಬಿಟ್ಟು ಮಲಗ್ತೀಯಾ? ಬೀಗದ ಸಿಲಿಂಡರು ಬದಲಾಯಿಸು, ಕೀ ತೂರಿಸೋ ಆ ಕೊಳವೆ ಅಷ್ಟೆ. ಹಳೇದನ್ನ ಎಸೀಬೇಡ, ಮನೆ ಬಿಡೋವಾಗ ವಾಪಸು ಹಾಕಿ ಹೋಗಬೇಕು. ಮಾಡೋಕೆ ಬರುತ್ತಾ?"

"ನಲ್ಲಿ ರಿಪೇರೀನೂ ಬರ್ತಿರ್ಲಿಲ್ಲ. ಮಾಡಿದೆ."

ನೆಲಮಾಳಿಗೆಯಲ್ಲಿ, ಹವಾಮಾನ ಮಾತಾಡುವ ಕೋಣೆಯ ಎದುರಿಗೇ, ಉಪಕರಣ ಎರವಲು ಕೊಡುವ ಕೋಣೆ ಇತ್ತು. ಪುಸ್ತಕ ಜೋಡಿಸಿದ ಹಾಗೆ ಕಪಾಟಿನ ತುಂಬ ಸುತ್ತಿಗೆ, ಗರಗಸ, ಏಣಿ, ಹೊಲಿಗೆ ಯಂತ್ರ. ಗಡ್ಡದ ಹುಡುಗನೊಬ್ಬ ಮರದ ತುಂಡಿಗೆ ಜಡಿದ ಬೀಗವನ್ನು ತೋರಿಸಿ, ಬಾಗಿಲಿನ ಅಂಚಿನ ಉದ್ದನೆಯ ಸ್ಕ್ರೂ ಬಿಚ್ಚಬೇಕು, ಆಮೇಲೆ ಬೀಗದ ಕೈಯನ್ನು ಒಂಚೂರೇ ಚೂರು ತಿರುಗಿಸಿದರೆ ಒಳಗಿನ ನಾಲಿಗೆ ಅಡಗಿಕೊಳ್ಳುತ್ತದೆ, ಆಗ ಎಳೆದರೆ ಬರುತ್ತದೆ ಎಂದ. ಅವಳು ಎರಡು ಸಲ ಮಾಡಿ ನೋಡಿದಳು. ಭಾವ ಕಪಾಟುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡಿದರು. ಒಂದು ಏಣಿಯನ್ನು ಅಲುಗಿಸಿ ನೋಡಿ, ಗಟ್ಟಿಯಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಬಸ್ಸಿಗೆ ಕಾಯುವ ಬದಲು ಇಬ್ಬರೂ ನಡೆದೇ ಬಂದರು. ಸಿಲಿಂಡರು ಕೊಳ್ಳಲು ದಾರಿಯಲ್ಲಿ ಕಬ್ಬಿಣದ ಅಂಗಡಿಗೆ ಹೋಗಬೇಕಿತ್ತು. ಅಂಗಡಿ ದಾಟಿದ ಮೇಲೆ ಭಾವ ಬಾಯಿಬಿಟ್ಟರು.

"ಅಪ್ಪ ಹೋದ ಮೇಲೆ ಮನೇಲಿ ನನ್ನ ಮಾತೇ ಮಾತು. ಅವನು ಈ ದೇಶಕ್ಕೆ ಬರೋವಾಗ್ಲೂ ನನ್ನ ಕೇಳೇ ಬಂದ."

"ಗೊತ್ತು ಭಾವ."

"ನಾನೇ ಹೂಂ ಅಂದೆ. ಹೋಗೋ, ನಾನಿದ್ದೀನಿ ಅಂದೆ." "ನುಂಗ್ಬಿಡ್ತು ಈ ಊರು ಅವನ್ನ. ನಿನ್ನನ್ನೂ ಇಲ್ಲೇ ಬಿಟ್ಟು ಹೋಗು ಅಂತೀಯಾ? ಏನಿದೆ ಇಲ್ಲಿ ನಿಂಗೆ? ಬಂಧು ಇಲ್ಲ, ಬಳಗ ಇಲ್ಲ. ಬೆಳಗಾದ್ರೆ ಯಾರದೋ ಲೋಟ ತೊಳೀತೀಯ."

"ಅಲ್ಲಿ ಬಂದು ಏನು ಮಾಡ್ಲಿ?"

"ಏನೂ ಮಾಡ್ಬೇಡ. ಅಮ್ಮನ ರೂಮಿನ ಪಕ್ಕದ ರೂಮು ಸುಣ್ಣ ಹೊಡೆಸಿದೀನಿ. ಆರಾಮಾಗಿ ಕೂತ್ಕೋ. ನಾವೆಲ್ಲ ಇಲ್ವಾ?"

"ಎಷ್ಟು ವರ್ಷ ಕೂತ್ಕೊಳ್ಲಿ?"

ಭಾವ ಹೆಜ್ಜೆ ಬೀಸಾಗಿ ಹಾಕಿದರು. ಅವಳು ಬಿಡಲಿಲ್ಲ.

"ಹೇಳಿ ಭಾವ. ನೀವು ಸೀಟು ಕೊಟ್ಟಿದೀರಿ. ಅದರಲ್ಲಿ ಕೂತ್ಕೊಂಡು ಯಾವ ಊರಿಗೆ ಹೋಗ್ಲಿ? ಗಾಡಿ ಹೊರಡಲ್ಲ. ನಿಮ್ಮ ಡಿಪೋದಲ್ಲಿ ನಿಂತ ಗಾಡೀಲಿ ಯಾರನ್ನಾದ್ರೂ ಕೂರಿಸ್ತಿದ್ರಾ?"

"ನಿಂತ ಗಾಡೀಲಿ..." ಎಂದು ಅವರು ಶುರು ಮಾಡಿ ನಿಲ್ಲಿಸಿದರು. ಮನೆ ಸೇರಿದ ಮೇಲೆ ಅವಳು ಏಜೆಂಟಿಗೆ ಬರೆದು ಕಳಿಸಿದಳು: ನಾನು ಮನೆ ಬಿಡುತ್ತಿಲ್ಲ, ಬಿಡುತ್ತೇನೆಂದು ನಾನು ಹೇಳಿಲ್ಲ.

ಮಾರನೆಯ ದಿನ ರಜೆ. ಬೆಳಗಿನ ಚಹಾ ಕುಡಿದವಳೇ ಬಾಗಿಲು ತೆರೆದಿಟ್ಟುಕೊಂಡು ನೆಲದ ಮೇಲೆ ಕೂತಳು. ಉದ್ದನೆಯ ಸ್ಕ್ರೂ ಬಣ್ಣದಡಿ ಹೂತುಹೋಗಿತ್ತು. ಮೊದಲು ಬಣ್ಣ ಕೆರೆಯಬೇಕಾಯಿತು. ಸ್ಕ್ರೂಡ್ರೈವರಿಗೆ ಭಾರ ಹಾಕಿದಾಗೆಲ್ಲ ಬಾಗಿಲು ಆಚೀಚೆ ಆಡುತ್ತಿತ್ತು. ಭಾವ ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಎರಡೂ ಕೈಯಲ್ಲಿ ಬಾಗಿಲನ್ನು ಹಿಡಿದು ನಿಂತರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಅತ್ತೆ. ಬಾಗಿಲು ಬಿಡಲಾರದೆ ಒಂದು ಕೈಯಿಂದ ಫೋನನ್ನು ಎತ್ತಿದರು. ಪರದೆಯ ಮೇಲೆ ಅತ್ತೆಯ ಹಣೆ ಮಾತ್ರ ಕಂಡಿತು.

"ಏನೋ ಅದು ಸದ್ದು? ಸಾಮಾನು ಕಟ್ತಿದೀರಾ?"

"ಇಲ್ಲಮ್ಮ. ಬಾಗಿಲು ಹಿಡ್ಕೊಂಡಿದೀನಿ."

"ಬಾಗಿಲು ಹಿಡ್ಕೊಂಡಿದೀಯಾ? ಯಾಕೆ, ಬೀಳ್ತಿದೆಯಾ?"

"ಬೀಳ್ತಿಲ್ಲಮ್ಮ. ಬೀಗ ಬದಲಾಯಿಸ್ತಿದಾಳೆ."

"ಬಿಟ್ಟು ಬರೋ ಮನೆಗೆ ಹೊಸ ಬೀಗ ಯಾತಕ್ಕೆ? ಕೊಡು ಅವಳ ಕೈಗೆ." ಭಾವ ಪರದೆಯನ್ನು ಅವಳ ಕಡೆ ತಿರುಗಿಸಿದರು. ಈಗ ಹಣೆಯ ಜತೆಗೆ ಒಂದು ಕಣ್ಣೂ ಬಂತು. "ಏನೇ, ಏನು ನಡೆಸಿದೀಯ ಅಲ್ಲಿ? ನನ್ನ ಮಗ ಸತ್ತಾಗ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ ನೀನು. ಕಲ್ಲಿನ ಹಾಗೆ ಕೂತಿದ್ದೆ. ಎಲ್ಲರೂ ನೋಡಿದಾರೆ."

"ಹೌದು ಅತ್ತೆ. ಬರ್ಲಿಲ್ಲ."

"ಈಗ ಹಟ ಮಾತ್ರ ಬರುತ್ತೆ."

"ಅದು ನಿನ್ನೆಯಿಂದ ಬಂದಿದೆ."

ಅತ್ತೆ ಫೋನನ್ನು ದೂರ ಹಿಡಿದಿರಬೇಕು, ಇಡೀ ಮುಖ ಕಾಣಿಸಿತು. ಅಳುತ್ತಿರಲಿಲ್ಲ. ಅವರಿಗೆ ಅತ್ತು ಮುಗಿದಿತ್ತು.

"ನಾನು ಬರಲ್ಲ ಅತ್ತೆ," ಎಂದಳು. "ನಿಮ್ಮ ಮೇಲೆ ಸಿಟ್ಟಿಲ್ಲ. ವಾರಕ್ಕೊಂದು ಸಲ ಫೋನು ಮಾಡ್ತೀನಿ. ನನ್ನ ಟಿಕೆಟ್ಟು ವಾಪಸು ಮಾಡೋಕೆ ಭಾವನಿಗೆ ಹೇಳಿ. ನಾನು ಹೇಳಿದ್ರೆ ತಲೆ ಆಡಿಸ್ತಾರೆ."

ಬಾಗಿಲು ಹಿಡಿದಿದ್ದ ಭಾವ ಈಗ ತಲೆಯಾಡಿಸಲಿಲ್ಲ. ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, "ಆಮೇಲೆ ಮಾಡ್ತೀನಮ್ಮ," ಎಂದು ಜೇಬಿಗೆ ಹಾಕಿಕೊಂಡರು.

ಅವಳು ತನ್ನ ಬೀಗದ ಕೈಯನ್ನು ತೂರಿಸಿ ಒಂಚೂರು ತಿರುಗಿಸಿದಳು. ಹಳೆಯ ಸಿಲಿಂಡರು ಜಾರಿ ಅಂಗೈಗೆ ಬಂತು. ಬಾಗಿಲಲ್ಲಿ ಉಳಿದ ತೂತಿನಿಂದ ಎದುರಿನ ಗೋಡೆ ಕಂಡಿತು. ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿದು, ಒಳಗಿನಿಂದ ತಿರುಗಿಸಿ ನೋಡಿದಳು. ಹೊರಗಿನಿಂದ ತಿರುಗಿಸಿ ನೋಡಿದಳು. ಬಿಗಿಯಾಗಿತ್ತು, ಆದರೆ ತಿರುಗುತ್ತಿತ್ತು.

ಗೊಂಚಲು ಬಂದದ್ದು ಮಧ್ಯಾಹ್ನ. ಮೊದಲು ಮೆಟ್ಟಿಲ ಮೇಲೆ ಝಣಝಣ ಕೇಳಿಸಿತು, ಆಮೇಲೆ ಬೀಗದಲ್ಲಿ ಕರಕರ. ಒಳಗೆ ಇಬ್ಬರೂ ಬ್ರೆಡ್ಡು ತಿನ್ನುತ್ತ ಕೂತು ಕೇಳಿಸಿಕೊಂಡರು. ಅವನು ತೆಗೆದು, ಒರೆಸಿ, ಮತ್ತೆ ತೂರಿಸಿದ. ಗೊಣಗಿದ. ಕಡೆಗೆ ಬಾಗಿಲು ಬಡಿದ.

ಅವಳು ತೆರೆದಳು. ಅವನ ಹಿಂದೆ ಮನೆ ನೋಡಲು ಬಂದ ಒಬ್ಬ ಯುವಕನಿದ್ದ.

"ಬೀಗ ಕೆಟ್ಟಿದೆ," ಎಂದ ಗೊಂಚಲು.

"ಕೆಟ್ಟಿಲ್ಲ. ಬದಲಾಯಿಸಿದೀನಿ."

"ಯಾರನ್ನ ಕೇಳಿ?"

"ನಿನ್ನೆ ನೀವು ಯಾರನ್ನ ಕೇಳಿ ಒಳಗೆ ಬಂದಿದ್ರಿ?"

"ಅವರನ್ನ." ಅವನು ಅವಳ ಹೆಗಲ ಮೇಲಿನಿಂದ ಒಳಗೆ ಗದ್ದ ಚಾಚಿ, ಇಂಗ್ಲಿಷಿಗೆ ತಿರುಗಿದ. "ಸರ್! ನೀವು ದೊಡ್ಡವರು. ನನಗೆ ಮಾತು ಕೊಟ್ರಿ ತಾನೆ? ನಾನು ನಾಲ್ಕು ಜನಕ್ಕೆ ಹೇಳ್ಬಿಟ್ಟಿದೀನಿ. ಸ್ವಲ್ಪ ತಿಳಿಸಿ ಹೇಳಿ ಇವರಿಗೆ."

ಭಾವ ಎದ್ದು ನಿಂತರು. ಕೊಟ್ಟ ಮಾತಿಗೆ ತಪ್ಪಿದವರಲ್ಲ, ಅದು ಅವಳಿಗೆ ಗೊತ್ತಿತ್ತು. ಈಗ ಅವರು ಬಾಯಿ ತೆರೆದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಗೊಂಚಲು ಕಾಯುತ್ತಿದ್ದ. ಅವಳೂ ಕಾದಳು, ಬೆನ್ನು ತಿರುಗಿಸದೆ.

"ಹೇಳಿದ್ದೆ," ಎಂದರು ಭಾವ ತಮ್ಮ ಇಂಗ್ಲಿಷಿನಲ್ಲಿ. "ನಾನು ಹೇಳಿದ್ದೆ." ಮುಂದಿನದಕ್ಕೆ ಅವರಲ್ಲಿ ಪದ ಇರಲಿಲ್ಲವೋ, ಮನಸ್ಸಿರಲಿಲ್ಲವೋ. ಗೂಟದಿಂದ ಕೋಟು ತೆಗೆದುಕೊಂಡರು. ಅವಳ ಪಕ್ಕದಿಂದ ಅಡ್ಡಡ್ಡ ಸರಿದು, ಗೊಂಚಲನ್ನೂ ಯುವಕನನ್ನೂ ದಾಟಿ, ಮೆಟ್ಟಿಲಿಳಿದು ಹೋದರು. "ಸರ್, ಸರ್," ಎಂದು ಗೊಂಚಲು ಕಟಕಟೆಯ ಮೇಲೆ ಬಾಗಿ ಕೂಗಿದ. ಕೆಳಗೆ ಬೀದಿ ಬಾಗಿಲು ಮುಚ್ಚಿದ ಸದ್ದಾಯಿತು.

ಹೊಸ್ತಿಲಲ್ಲಿ ಅವಳೊಬ್ಬಳೇ ಉಳಿದಳು.

"ಅವರು ನನ್ನ ಅತಿಥಿ," ಎಂದಳು. ನಿನ್ನೆ ಯೋಚಿಸಿ ಹೇಳಿದ್ದ ಪದ, ಈಗ ತಡವರಿಸದೆ ಬಂತು. "ಬಾಡಿಗೆ ನನ್ನ ಹೆಸರಲ್ಲಿದೆ. ಬಿಡಲ್ಲ ಅಂತ ನಿನ್ನೇನೇ ಬರೆದು ಕಳಿಸಿದೀನಿ. ಮನೆ ಬಿಡೋ ದಿನ ನಾನೇ ನಿಮಗೆ ಬರೆದು ತಿಳಿಸ್ತೀನಿ. ಏನಾದ್ರೂ ನೋಡೋದಿದ್ರೆ ಹಿಂದಿನ ದಿನ ಹೇಳಿ, ನಾನಿರೋವಾಗ ಬನ್ನಿ."

"ಮಾಲೀಕರಿಗೆ ಹೇಳ್ಬೇಕಾಗುತ್ತೆ."

"ಹೇಳಿ. ನಲ್ಲಿ ರಿಪೇರಿ ಮಾಡಿದ್ದು ಯಾರು ಅನ್ನೋದನ್ನೂ ಹೇಳಿ."

ಯುವಕ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮೆಟ್ಟಿಲ ಕಡೆ ತಿರುಗಿದ. ಗೊಂಚಲೂ ಅವನ ಹಿಂದೆಯೇ ಇಳಿದ. ಹಸಿರು ದಾರದ ಬೀಗದ ಕೈ ಅವನ ಸೊಂಟದಲ್ಲೇ ಹೋಯಿತು. ಕೇಳಿದ್ದರೆ ಕೊಡುತ್ತಿದ್ದ. ಅವಳು ಕೇಳಲಿಲ್ಲ. ಇನ್ನು ಅದು ಯಾವ ಬಾಗಿಲನ್ನೂ ತೆರೆಯುವುದಿಲ್ಲ.

ಅವಳು ಬಾಗಿಲು ಹಾಕಿಕೊಂಡಳು. ತಿಂದ ತಟ್ಟೆಗಳನ್ನು ತೊಳೆದು, ಪ್ರಯೋಗಾಲಯದ ಅಭ್ಯಾಸದಂತೆ ಬೋರಲು ಹಾಕಿದಳು. ಬಾಗಿಲ ಬುಡದಲ್ಲಿ ಉದುರಿದ್ದ ಬಣ್ಣದ ಚೂರು ಗುಡಿಸಿದಳು. ಹಳೆಯ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಎರವಲು ತಂದ ಸ್ಕ್ರೂಡ್ರೈವರು ಒರೆಸುವಾಗ ಕೈಗೆಲ್ಲ ಗ್ರೀಸು ಹತ್ತಿಕೊಂಡಿತು.

ಭಾವ ಬರಲಿಲ್ಲ. ಅವರಿಗೆ ಆ ಊರಿನಲ್ಲಿ ಗೊತ್ತಿದ್ದುದು ಈ ಬೀದಿಯ ಎರಡು ತುದಿಗಳು ಮಾತ್ರ. ಒಮ್ಮೆ ಕಿಟಕಿಯಿಂದ ಬಾಗಿ ನೋಡಿದಳು. ಹುಡುಕಿಕೊಂಡು ಹೋಗೋಣವೆಂದು ಕೋಟು ಹಾಕಿಕೊಂಡಳು. ಗುಂಡಿ ಹಾಕುತ್ತ ಹಾಕುತ್ತ ಕೈ ನಿಂತಿತು. ಬಿಚ್ಚಿ, ಗೂಟಕ್ಕೆ ತೂಗುಹಾಕಿದಳು. ಬೀದಿಯ ಬಿಸಿಲು ಎದುರು ಮನೆಯ ಗೋಡೆಯನ್ನು ಹತ್ತುತ್ತ ಹೋಗಿ ಹೆಂಚಿನವರೆಗೆ ಮುಟ್ಟಿತು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಿಧಾನದ, ಮಹಡಿಗೊಮ್ಮೆ ನಿಂತು ಬರುವ ಹೆಜ್ಜೆ. ಬಾಗಿಲ ಹೊರಗೆ ಬಂದು ನಿಂತಿತು. ಆಮೇಲೆ ಕರೆಗಂಟೆ ಬಾರಿಸಿತು, ಒಂದೇ ಒಂದು ಸಲ, ಚಿಕ್ಕದಾಗಿ.

"ಯಾರು?" ಎಂದಳು ಒಳಗಿನಿಂದ.

"ನಾನಮ್ಮ," ಎಂದರು. ಸ್ವಲ್ಪ ತಡೆದು, "ಬರ್ಬಹುದಾ?"

"ಬಂದೆ ಭಾವ. ಕೈ ತೊಳ್ಕೊಂಡು ಬಂದೆ."

ಅವಳು ನಲ್ಲಿ ತಿರುಗಿಸಿದಳು. ಗ್ರೀಸು ಬೇಗ ಬಿಡಲಿಲ್ಲ. ಬೆರಳ ಸಂದಿಗೆಲ್ಲ ಸೋಪು ಹಚ್ಚಿ, ಉಗುರಿನ ಅಡಿಯೂ ಬಿಡದೆ ತೊಳೆದಳು. ಹೊರಗೆ ಗಂಟೆ ಮತ್ತೆ ಬಾರಿಸಲಿಲ್ಲ. ಭಾವ ಕಾಲೊರಸಿನ ಮೇಲೆ ಶೂ ಉಜ್ಜುತ್ತಿರುವುದು ಕೇಳುತ್ತಿತ್ತು. ಮೊದಲು ಒಂದು, ಆಮೇಲೆ ಇನ್ನೊಂದು.